ಆ್ಯಪ್ ಹಸಿರು ತೋರಿಸುತ್ತಿತ್ತು

ಬೆಂಗಳೂರಿನಲ್ಲಿ ಕೂತು ಹಿಮಾಲಯದ ಟ್ರೆಕ್ ಪ್ಲಾನ್ ಮಾಡುವಾಗ ನಕ್ಷೆಗಿಂತ ಮೊದಲು ಮೇಜಿನ ಮೇಲೆ ಬರುವುದು ಕ್ಯಾಲೆಂಡರ್. ಎರಡು ವೀಕೆಂಡ್, ನಡುವೆ ಐದು ದಿನ ರಜೆ. ಇದಕ್ಕಿಂತ ಒಂದು ದಿನ ಜಾಸ್ತಿಯಾದರೂ ಬುಕಿಂಗ್ ಬರಲ್ಲ ಅಂತ ನಮ್ಮ ಟ್ರೆಕ್ಕಿಂಗ್ ಕಂಪನಿಯ ಸೇಲ್ಸ್‌ನವರು ಹೇಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಐದು ಸಾವಿರ ಮೀಟರ್ ಹತ್ತಲು ರೆಡಿ ಇರುವ ಜನರೂ ಮ್ಯಾನೇಜರ್ ಹತ್ತಿರ ಆರನೇ ದಿನದ ರಜೆ ಕೇಳಲು ಹಿಂಜರಿಯುತ್ತಾರೆ.

ಲಡಾಖ್‌ನ ಮಾರ್ಖಾ ಕಣಿವೆ ಈ ಲೆಕ್ಕಕ್ಕೆ ಚೆನ್ನಾಗಿ ಕೂರುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಲೇಹ್‌ಗೆ ವಿಮಾನ, ಚಿಲಿಂಗ್‌ವರೆಗೆ ಗಾಡಿ, ಅಲ್ಲಿಂದ ಸ್ಕಿಯು, ಮಾರ್ಖಾ, ಹಂಕರ್ ಅಂತ ಊರಿಂದ ಊರಿಗೆ ನಡಿಗೆ. ರಾತ್ರಿ ಊರಿನವರ ಮನೆಯಲ್ಲೇ ಊಟ, ನಿದ್ದೆ. ಹಂಕರ್ ದಾಟಿದ ಮೇಲೆ ಊರು ಮುಗಿಯಿತು. ಥಾಚುಂಗ್ಸೆಯಲ್ಲಿ ಒಂದು ಕ್ಯಾಂಪ್, ಅದರ ಮೇಲೆ ನಿಮಾಲಿಂಗ್ ಹುಲ್ಲುಗಾವಲಿನಲ್ಲಿ ಇನ್ನೊಂದು. ಮರುದಿನ ಕೊಂಗ್ಮಾರು ಲಾ ಅನ್ನುವ ಪಾಸ್ ದಾಟಿ ಶಾಂಗ್ ಸುಮ್ದೋ ಕಡೆಗೆ ಇಳಿದರೆ ಗಾಡಿ ಕಾಯುತ್ತಿರುತ್ತದೆ.

ಎತ್ತರದ ಕಾಲಂ ನೋಡಿ. ಲೇಹ್ 3,500 ಮೀಟರ್. ಸ್ಕಿಯು ಅದಕ್ಕಿಂತ ಸ್ವಲ್ಪ ತಗ್ಗು. ಮಾರ್ಖಾ ಸುಮಾರು 3,800, ಹಂಕರ್ 4,000ದ ಆಸುಪಾಸು, ಥಾಚುಂಗ್ಸೆ ಹೆಚ್ಚುಕಡಿಮೆ 4,250, ನಿಮಾಲಿಂಗ್ 4,800. ಎತ್ತರದ ಕಾಯಿಲೆ ಹಿಡಿಯಬಾರದು ಅಂದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಂದು ರೆಸ್ಟ್ ಡೇ ಇರಬೇಕು. ಇದು ನಮ್ಮ ಕೆಲಸದಲ್ಲಿ ಮೊದಲ ವಾರ ಕಲಿಯುವ ಪಾಠ. ಥಾಚುಂಗ್ಸೆ ಇದ್ದರೆ ಲೆಕ್ಕ ಹೇಗೋ ಸರಿಹೋಗುತ್ತದೆ. ಅದನ್ನು ತೆಗೆದರೆ ಹಂಕರ್‌ನಿಂದ ನಿಮಾಲಿಂಗ್‌ಗೆ ಒಂದೇ ದಿನಕ್ಕೆ 800 ಮೀಟರ್.

ಆ ಸೀಸನ್‌ನಲ್ಲಿ ಅದನ್ನು ತೆಗೆದೆವು. ಯಾಕೆ ಗೊತ್ತಾ? ಖರ್ದುಂಗ್ ಲಾಗೋಸ್ಕರ.

‘ಲಡಾಖ್‌ಗೆ ಹೋಗಿ ಖರ್ದುಂಗ್ ಲಾ ಫೋಟೋ ಇಲ್ಲದೆ ವಾಪಸ್ ಬಂದರೆ ಜನ ಏನಂತಾರೆ ಸರ್?’ ಅಂತ ಸೇಲ್ಸ್ ಹೆಡ್ ಕೇಳಿದರು. 18,380 ಅಡಿ ಅಂತ ಹಳದಿ ಬೋರ್ಡ್ ಹಾಕಿಕೊಂಡು ಮೆರೆದ ಆ ಪಾಸ್‌ನ ನಿಜವಾದ ಎತ್ತರ 17,582 ಅಡಿ. ಆದರೆ ಫೋಟೋದಲ್ಲಿ ಬರುವುದು ಬೋರ್ಡ್. ಒಂದು ದಿನ ಬೇಕಿತ್ತು. ಬಫರ್ ಡೇ ಮುಟ್ಟಲು ನಾನು ಬಿಡಲಿಲ್ಲ. ಲೇಹ್‌ನಿಂದ ವಿಮಾನ ಹಾರುವುದು ಹೆಚ್ಚಾಗಿ ಬೆಳಗಿನ ಹೊತ್ತು, ಹವಾ ಕೆಟ್ಟರೆ ಆ ದಿನ ಮುಗಿದಂತೆ. ಕೊನೆಗೆ ಎಕ್ಸೆಲ್‌ನಲ್ಲಿ ಥಾಚುಂಗ್ಸೆಯ ಸಾಲು ಹೋಯಿತು. ಅಲ್ಲಿ ನೋಡಲು ಏನಿದೆ ಅಂತ ಕೇಳಿದರು. ನಿಜ, ನೋಡಲು ಏನೂ ಇಲ್ಲ. ಹೊಳೆ ಪಕ್ಕ ಸ್ವಲ್ಪ ಸಮತಟ್ಟು ಜಾಗ, ಅಷ್ಟೇ.

ಇನ್ನು ಊರುಗಳ ವಿಷಯ. ಮಾರ್ಖಾದಲ್ಲಿ ಹೋಮ್‌ಸ್ಟೇ ಬುಕ್ ಮಾಡುವುದನ್ನು ಹೋಟೆಲ್ ಬುಕ್ ಮಾಡಿದ ಹಾಗೆ ಅಂದುಕೊಂಡವರು ಒಂದು ಬ್ಯಾಚ್ ಕರೆದುಕೊಂಡು ಹೋಗಿ ನೋಡಬೇಕು. ಅತಿಥಿಗಳನ್ನು ಮನೆಗಳಿಗೆ ಸರದಿಯಲ್ಲಿ ಹಂಚುತ್ತಾರೆ, ನಮ್ಮ ಕಡೆ ಕಾಲುವೆ ನೀರು ಬಿಟ್ಟ ಹಾಗೆ. ಒಂದೇ ಮನೆಗೆ ದುಡ್ಡೆಲ್ಲ ಹೋಗಬಾರದು ಅನ್ನುವ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ನಮ್ಮ ವೋಚರ್‌ನಲ್ಲಿ ‘ಇಡೀ ಗುಂಪು ಒಂದೇ ಕಡೆ’ ಅಂತ ಅಚ್ಚಾಗಿತ್ತು. ಹಂಕರ್ ತಲುಪಿದಾಗ ಬಾರ್ಲಿ ಕೊಯ್ಲು ನಡೆಯುತ್ತಿತ್ತು. ಊರಿನ ಅರ್ಧ ಜನ ಹೊಲದಲ್ಲಿ. ಸರದಿ ಪ್ರಕಾರ ನಮ್ಮವರನ್ನು ಮೂರು ಮನೆಗೆ ಹಂಚಿದರು. ಒಂದು ಮನೆ ಮೇಲ್ಗಡೆ, ಎರಡು ಕೆಳಗೆ. ಹೆಂಡತಿ ಒಂದು ಕಡೆ, ತಾವೊಂದು ಕಡೆ ಅಂತ ಒಬ್ಬರು ಮುನಿಸಿಕೊಂಡರು. ಇನ್ನೊಬ್ಬರಿಗೆ ಡ್ರೈ ಟಾಯ್ಲೆಟ್ ನೋಡಿಯೇ ಸಾಕಾಯಿತು. ಸಂಜೆಯೆಲ್ಲ ನಾನು ಈ ಪಂಚಾಯ್ತಿ ಮಾಡುತ್ತಾ ಕಳೆದೆ. ಸಂಜೆಯ ಆರೋಗ್ಯದ ಚೆಕ್‌ಗೆ ಸ್ವೀಪ್ ಹುಡುಗ, ಅಂದರೆ ಗುಂಪಿನ ಕೊನೆಯಲ್ಲಿ ನಡೆಯುವ ನಮ್ಮ ಸಿಬ್ಬಂದಿ, ಆಕ್ಸಿಮೀಟರ್ ಹಿಡಿದು ಮನೆಮನೆಗೆ ಹೋಗಿ ನಂಬರ್ ಬರೆದುಕೊಂಡು ಬಂದ. ಎಲ್ಲರದ್ದೂ ಹಸಿರು.

ಈ ಹಸಿರಿನ ಬಗ್ಗೆ ಹೇಳಬೇಕು. ನಮ್ಮ ಆಫೀಸಿನವರು ಒಂದು ಆ್ಯಪ್ ಮಾಡಿಸಿದ್ದಾರೆ. ಎಸ್‌ಪಿಓಟು, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಮತ್ತು ಪಲ್ಸ್ ಹಾಕಿದರೆ ಅದೇ ಬಣ್ಣ ಕೊಡುತ್ತದೆ. 80ರ ಮೇಲೆ ಹಸಿರು, ಕೆಳಗೆ ಹಳದಿ, 75 ದಾಟಿ ಇಳಿದರೆ ಕೆಂಪು. ಬೇರೆ ಏನನ್ನೂ ಅದು ಕೇಳುವುದಿಲ್ಲ. ಎತ್ತರದ ಕಾಯಿಲೆ ಅಳೆಯುವ ಲೇಕ್ ಲೂಯಿಸ್ ಸ್ಕೋರ್‌ನಲ್ಲಿ ಇರುವುದು ತಲೆನೋವು, ಹೊಟ್ಟೆ ತೊಳೆಸುವುದು, ಸುಸ್ತು, ತಲೆಸುತ್ತು. ಆಕ್ಸಿಜನ್ ನಂಬರ್ ಅದರಲ್ಲಿ ಇಲ್ಲವೇ ಇಲ್ಲ. ಇದನ್ನು ನಾನು ಮೇಲ್‌ನಲ್ಲಿ ಬರೆದಿದ್ದೆ. ‘ಯೂಸರ್‌ಗೆ ಜಾಸ್ತಿ ಪ್ರಶ್ನೆ ಕೇಳಿದರೆ ಬೋರಾಗುತ್ತದೆ’ ಅಂತ ಉತ್ತರ ಬಂತು. ಯೂಸರ್ ಅಂದರೆ ನಾನೇ.

ನಿಮಾಲಿಂಗ್‌ನಲ್ಲಿ ಸಂಜೆ ಗಾಳಿ ಶುರುವಾದರೆ ಕೈ ಹೊರಗೆ ತೆಗೆಯಲು ಮನಸ್ಸಾಗಲ್ಲ. ಡೈನಿಂಗ್ ಟೆಂಟ್‌ನಲ್ಲಿ ಎಲ್ಲರನ್ನೂ ಕೂರಿಸಿ ಚೆಕ್ ಶುರುಮಾಡಿದೆ. ಮೈಸೂರಿನ ಹುಡುಗಿಯೊಬ್ಬಳು, ಹಿಮಾಲಯಕ್ಕೆ ಮೊದಲ ಸಲ ಬಂದವಳು, ದಾರಿಯುದ್ದಕ್ಕೂ ಮಾತು ಕಡಿಮೆ. ಅವಳ ಬೆರಳಿಗೆ ಹಾಕಿದರೆ 71. ಇನ್ನೊಂದು ಬೆರಳು, 69. ಆ್ಯಪ್ ಕೆಂಪಾಗಿ ಕಿರುಚಿತು. ಪಕ್ಕದವರು ನೋಡಿಬಿಟ್ಟರು. ಅವಳು ಅಳಲು ಶುರುಮಾಡಿದಳು. ನಾನು ಸಿಲಿಂಡರ್ ತರಿಸಿ ಮಾಸ್ಕ್ ಹಾಕಿಸಿದೆ.

ಅದೇ ಹೊತ್ತಿಗೆ ಟೆಂಟ್ ಬಾಗಿಲಲ್ಲಿ ಒಬ್ಬ ಹುಡುಗ ನಿಂತು ದೂರು ಹೇಳುತ್ತಿದ್ದ. ‘ಸರ್, ನಮ್ಮ ಟೆಂಟ್ ಅಂಕಲ್ ನೋಡಿ ಸರ್. ನನ್ನ ಶೂ ಹಾಕ್ಕೊಂಡು ಹೊಳೆ ಕಡೆ ಹೋಗಿಬಿಟ್ಟಿದ್ದಾರೆ. ಒಂದು ಕಾಲಿಗೆ ನಂದು, ಇನ್ನೊಂದಕ್ಕೆ ಅವರದ್ದು. ಲೇಸ್ ಬೇರೆ ಕಟ್ಟಿಲ್ಲ. ಹೊಸ ಶೂ ಸರ್ ಅದು.’

‘ಆಮೇಲೆ ನೋಡೋಣಪ್ಪಾ’ ಅಂದೆ. ನಾಲ್ಕೈದು ಜನ ನಕ್ಕರು ಕೂಡ.

ಆ ಅಂಕಲ್ ಬ್ಯಾಚ್‌ನ ಹೀರೋ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವವರು. ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ಬೇಡ ಅಂದಿದ್ದರು. ಅವರ ರೀಡಿಂಗ್ ಆಗಲೇ ಆಗಿತ್ತು, 86, ಇಡೀ ಬ್ಯಾಚ್‌ಗೇ ಜಾಸ್ತಿ. ಹಸಿರು ಬಂದವರ ಕಡೆ ಮತ್ತೆ ಯಾರು ನೋಡುತ್ತಾರೆ?

ಹುಡುಗಿಯ ಕೈ ಮುಟ್ಟಿದೆ. ಐಸ್. ಉಗುರಿಗೆ ಕಡುಮರೂನ್ ನೇಲ್ ಪಾಲಿಶ್. ತಣ್ಣಗಿರುವ ಬೆರಳು, ಮೇಲೆ ಗಾಢ ಬಣ್ಣ, ಇಂಥ ಕಡೆ ಆ ಯಂತ್ರ ಏನು ಬೇಕಾದರೂ ತೋರಿಸುತ್ತದೆ. ಅವಳ ಕೈಗೆ ಬಿಸಿನೀರಿನ ಬಾಟಲ್ ಕೊಟ್ಟು, ಪಾಲಿಶ್ ಕೆರೆಸಿ, ಮಾಸ್ಕ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ 82. ತಲೆನೋವಿದೆಯಾ ಅಂದರೆ ಇಲ್ಲ. ಊಟ? ‘ಹಸಿವಾಗ್ತಿದೆ ಸರ್’ ಅಂದಳು. ಅಷ್ಟರಲ್ಲಿ ಸಿಲಿಂಡರ್ ಮುಳ್ಳು ಸುಮಾರಾಗಿ ಇಳಿದಿತ್ತು. ನಮ್ಮ ಹತ್ತಿರ ಇದ್ದದ್ದು ಅದೊಂದೇ.

ಆಗ ಶೂ ನೆನಪಾಯಿತು.

ಬೇರೆಯವರ ಶೂ ಹಾಕಿಕೊಳ್ಳುವುದು ಮರೆವು. ಎರಡು ಕಾಲಿಗೆ ಎರಡು ಬೇರೆ ಶೂ ಹಾಕಿಕೊಂಡೂ ಗೊತ್ತಾಗದಿದ್ದರೆ? ಟಾರ್ಚ್ ಹಿಡಿದು ಓಡಿದೆ. ಅವರು ಹೊಳೆ ಹತ್ತಿರ ಕಲ್ಲಿನ ಮೇಲೆ ಕೂತಿದ್ದರು. ‘ಏನ್ ಸರ್ ಇಲ್ಲಿ?’ ಅಂದೆ. ‘ಚೆನ್ನಾಗಿದ್ದೀನಿ’ ಅಂದರು. ಕೇಳಿದ್ದು ಅದಲ್ಲ. ಎಬ್ಬಿಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿದೆ. ಮೊದಲ ಹೆಜ್ಜೆ ಸರಿ. ಎರಡನೆಯದಕ್ಕೆ ಎಡಗಡೆ ವಾಲಿ ನನ್ನ ಭುಜದ ಮೇಲೆ ಬಿದ್ದರು. ನಕ್ಕರು. ‘ಗಾಳಿ ಜೋರು ಅಲ್ವಾ?’ ಅಂದರು.

ಆಮೇಲಿನ ಕೆಲಸ ನಮಗೆ ಬಾಯಿಪಾಠ. ಹೇಸ್, ಅಂದರೆ ಎತ್ತರಕ್ಕೆ ಮೆದುಳು ಊದಿಕೊಳ್ಳುವ ಕಾಯಿಲೆ, ಅಂತಲೇ ಹಿಡಿದು ಊತ ಇಳಿಸುವ ಡೆಕ್ಸಾ 8 ಮಿಲಿಗ್ರಾಂ, ಆಮೇಲೆ ಆರು ಗಂಟೆಗೊಮ್ಮೆ 4. ಉಳಿದ ಆಕ್ಸಿಜನ್. ಮತ್ತೆ ಇಳಿಸುವುದು, ತಕ್ಷಣ. ಕೊಂಗ್ಮಾರು ಲಾ ಕಡೆ ಹೋದರೆ ಇನ್ನೂ 400 ಮೀಟರ್ ಹತ್ತಬೇಕು, ಆ ಮಾತೇ ಇಲ್ಲ. ಬಂದ ದಾರಿಯಲ್ಲೇ ವಾಪಸ್. ಆದರೆ ಕುದುರೆಗಳು? ಕುದುರೆಯ ಅಚೋ (ಲಡಾಖಿಯಲ್ಲಿ ಅಣ್ಣ) ಅವುಗಳನ್ನು ಮೇಯಲು ಬಿಟ್ಟಿದ್ದರು. ನಿಮಾಲಿಂಗ್ ಹುಲ್ಲುಗಾವಲು ಎಷ್ಟು ದೊಡ್ಡದು ಅಂತ ಕತ್ತಲಲ್ಲಿ ಕುದುರೆ ಹುಡುಕಿದವರಿಗೇ ಗೊತ್ತು. ದೂರದಲ್ಲಿ ಗಂಟೆ ಕೇಳಿಸುತ್ತದೆ, ಯಾವ ಕಡೆಯಿಂದ ಅಂತ ಹೇಳಲು ಆಗುವುದಿಲ್ಲ. ಅಚೋ ಶಿಳ್ಳೆ ಹಾಕುತ್ತಾ ಹೋದರು. ನಾವು ಅಂಕಲ್ ಅನ್ನು ಎರಡೂ ಕಡೆ ಹಿಡಿದುಕೊಂಡು ಕಾದೆವು.

ಆ ಕಾಯುವ ಹೊತ್ತಿನಲ್ಲೇ ಡೆಕ್ಸಾ ಕೆಲಸ ಮಾಡಲು ಶುರುಮಾಡಿತು. ಮಾತು ಸ್ವಲ್ಪ ಸರಿಯಾಯಿತು. ಮಗಳ ಹೆಸರು ಹೇಳಿದರು, ಬ್ಯಾಂಕಿನ ಬ್ರಾಂಚ್ ಹೇಳಿದರು. ‘ಬೆಳಿಗ್ಗೆ ನೋಡೋಣ ಬಿಡಿ, ಸುಮ್ನೆ ಯಾಕೆ ಎಲ್ಲರಿಗೂ ತೊಂದರೆ’ ಅಂದರು. ಅಡುಗೆಯವನೂ ಹೂಂ ಅಂದ. ನನಗೂ ಹೌದಲ್ವಾ ಅನಿಸಿತು, ಸುಳ್ಳು ಯಾಕೆ ಹೇಳಲಿ. ಚಳಿ, ಕತ್ತಲು, ದಾರಿಯಲ್ಲಿ ದಾಟಬೇಕಾದ ನೀರು. ಆದರೆ ಡೆಕ್ಸಾ ಕೊಟ್ಟ ಮೇಲೆ ಮನುಷ್ಯ ಚೇತರಿಸಿಕೊಂಡಂತೆ ಕಾಣುತ್ತಾನೆ, ಒಳಗಿನ ಊತ ಹಾಗೇ ಇರಬಹುದು. ಇನ್ನೊಂದು ಸಲ ನಡೆಸಿ ನೋಡಿದೆ. ಮೂರನೇ ಹೆಜ್ಜೆಗೆ ವಾಲಿದರು. ಅಷ್ಟರಲ್ಲಿ ಗಂಟೆ ಸದ್ದು ಹತ್ತಿರ ಬಂತು.

ಬ್ಯಾಚ್ ಅನ್ನು ಸ್ವೀಪ್ ಮತ್ತು ಲೋಕಲ್ ಗೈಡ್ ಕೈಗೆ ಕೊಟ್ಟು, ಅಂಕಲ್ ಅನ್ನು ಕುದುರೆ ಮೇಲೆ ಕೂರಿಸಿ, ಇಬ್ಬರು ಪಕ್ಕದಲ್ಲಿ ಹಿಡಿದು ಇಳಿದೆವು. ಆಫೀಸಿಗೆ ತಿಳಿಸುವ ದಾರಿ ಇರಲಿಲ್ಲ. ಸ್ಯಾಟಲೈಟ್ ಫೋನ್ ಯಾಕೆ ಒಯ್ಯಲ್ಲ ಅಂತ ಗ್ರಾಹಕರು ಕೇಳುತ್ತಲೇ ಇರುತ್ತಾರೆ. ನಮ್ಮ ದೇಶದಲ್ಲಿ ಟೆಲಿಕಾಂ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆ, ಸ್ವಾಮಿ.

ಆ ರಾತ್ರಿ ನಿಂತದ್ದು ಥಾಚುಂಗ್ಸೆಯಲ್ಲಿ. ಹೌದು, ಅದೇ. 500 ಮೀಟರ್‌ಗೂ ಸ್ವಲ್ಪ ಜಾಸ್ತಿ ಇಳಿದಂತಾಯಿತು. ಬೆಳಿಗ್ಗೆ ಅವರು ನೇರ ನಡೆದರು, ಸೂಪ್ ಕೇಳಿ ಕುಡಿದರು. ಹಂಕರ್‌ನಲ್ಲಿ ಅವರು ಉಳಿದಿದ್ದ ಮನೆಯ ಆಮಾ-ಲೇ (ಮನೆಯ ಅಮ್ಮ) ನಮ್ಮನ್ನು ನೋಡಿ ಹಿಂದಿಯಲ್ಲಿ ಕೇಳಿದರು, ‘ಈಗ ಊಟ ಮಾಡುತ್ತಾರಾ? ಅವತ್ತು ತಟ್ಟೆ ಮುಟ್ಟಲೇ ಇಲ್ಲ.’ ಸ್ವೀಪ್ ಹುಡುಗನ ಪಟ್ಟಿಯಲ್ಲಿ ತಟ್ಟೆಗೆ ಕಾಲಂ ಇರಲಿಲ್ಲ. ಲೇಹ್ ತಲುಪಿ ಅಲ್ಲಿನ ಸರ್ಕಾರಿ ಎಸ್‌ಎನ್‌ಎಂ ಆಸ್ಪತ್ರೆಗೆ ತೋರಿಸಿ, ಮನೆಗೆ ಕಳಿಸಿದೆವು. ಆ ರಾತ್ರಿಯ ಅರ್ಧಕ್ಕರ್ಧ ಅವರಿಗೆ ನೆನಪಿಲ್ಲ. ಫೀಡ್‌ಬ್ಯಾಕ್‌ನಲ್ಲಿ ‘ಪಾಸ್ ಹತ್ತಲು ಬಿಡಲಿಲ್ಲ’ ಅಂತ ಬರೆದು ಮೂರು ಸ್ಟಾರ್ ಕೊಟ್ಟರು.

ಇನ್ಸಿಡೆಂಟ್ ಫಾರ್ಮ್‌ನಲ್ಲಿ ಕಾರಣಕ್ಕೆ ಡ್ರಾಪ್‌ಡೌನ್ ಇದೆ: ಹವಾಮಾನ, ಗ್ರಾಹಕರ ಆರೋಗ್ಯ, ವೆಂಡರ್, ಇತರೆ. ‘ಐಟಿನರರಿ’, ಅಂದರೆ ನಾವೇ ಮಾಡಿದ ದಿನದಿನದ ಪ್ಲಾನ್, ಅಂತ ಒಂದು ಸಾಲು ಇಲ್ಲ. ನಾನು ‘ಇತರೆ’ ಒತ್ತಿ ಥಾಚುಂಗ್ಸೆ ಕಥೆ ಪೂರ್ತಿ ಬರೆದೆ. ರಿವ್ಯೂ ಮೀಟಿಂಗ್ ಹೊತ್ತಿಗೆ ಅದು ‘ಗ್ರಾಹಕರ ಆರೋಗ್ಯ’ ಆಗಿತ್ತು. ಜಗಳ ಆಡಿ ಥಾಚುಂಗ್ಸೆ ವಾಪಸ್ ಸೇರಿಸಿದ್ದೇನೆ. ಖರ್ದುಂಗ್ ಲಾ ಈಗ ಆ್ಯಡ್-ಆನ್, ದುಡ್ಡು ಬೇರೆ. ಆ್ಯಪ್ ಇನ್ನೂ 80ಕ್ಕೆ ಹಸಿರು ಕೊಡುತ್ತದೆ, ಅದಕ್ಕೇ ಜೇಬಿನಲ್ಲಿ ಒಂದು ಕಾಗದ ಇಟ್ಟುಕೊಂಡಿರುತ್ತೇನೆ. ಊಟ ಮಾಡಿದರಾ, ತಲೆನೋವಿದೆಯಾ, ಕೋಲಿಲ್ಲದೆ ಡೈನಿಂಗ್ ಟೆಂಟ್‌ವರೆಗೆ ಹೇಗೆ ನಡೆದು ಬಂದರು, ಲೇಸ್ ಯಾರು ಕಟ್ಟಿದರು. ಹೋಮ್‌ಸ್ಟೇಯಲ್ಲಾದರೆ ಮನೆಯವರನ್ನೂ ಕೇಳುತ್ತೇನೆ.

ಟೆಂಟ್‌ಮೇಟ್ ಹುಡುಗ ಶೂ ಹಾಳಾಯಿತು ಅಂತ ಕ್ಲೇಮ್ ಹಾಕಿದ್ದ. ಎರಡೇ ದಿನದಲ್ಲಿ ಪಾಸಾಯಿತು. ಎರಡನೇ ಸಿಲಿಂಡರ್‌ಗೆ ನಾನು ಕೊಟ್ಟ ಅರ್ಜಿ ಇನ್ನೂ ಅಪ್ರೂವಲ್ ಪೆಂಡಿಂಗ್.