ಐದು ಮನೆಯ ಹಾಳೆ

2023ರ ಅಕ್ಟೋಬರ್ 17, ಮಂಗಳವಾರ. ಮೈಸೂರಿಗೆ ನವರಾತ್ರಿಯ ಮೂರನೇ ದಿನ. ಚಾಮರಾಜಪುರಂನ ವಕೀಲರ ಕಚೇರಿಯೊಂದರಲ್ಲಿ ಲ್ಯಾಪ್‌ಟಾಪಿನ ಮೇಲೆ ಸುಪ್ರೀಂ ಕೋರ್ಟಿನ ನೇರಪ್ರಸಾರ, ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದ ಒಂದು ಹಾಳೆ. ಸಲಿಂಗ ವಿವಾಹದ ಅರ್ಜಿಗಳನ್ನು ಏಪ್ರಿಲ್ 18ರಿಂದ ಹತ್ತು ದಿನ ಕೇಳಿ, ಮೇ 11ರಂದು ಕಾಯ್ದಿರಿಸಿದ್ದ ತೀರ್ಪು ಅವತ್ತು ಬರುವುದಿತ್ತು.

ಹಾಳೆಯ ಮೇಲ್ಗಡೆ ಚೌಕಾಬಾರದ ಹಾಗೆ ಐದು ಮನೆ, ಪೀಠದ ನ್ಯಾಯಮೂರ್ತಿಗೊಂದು: ಚಂದ್ರಚೂಡ್, ಕೌಲ್, ಭಟ್, ಕೊಹ್ಲಿ, ನರಸಿಂಹ. ಎಡಗಡೆ ಪ್ರಶ್ನೆಗಳು. ಮದುವೆ ಮೂಲಭೂತ ಹಕ್ಕೇ? 1954ರ ವಿಶೇಷ ವಿವಾಹ ಕಾಯ್ದೆಯನ್ನು ಸಲಿಂಗ ಜೋಡಿಗಳಿಗೂ ಹಿಗ್ಗಿಸಿ ಓದಬಹುದೇ? ಮದುವೆಯಲ್ಲದಿದ್ದರೂ ಜೋಡಿಬಾಳಿಗೆ ಸರ್ಕಾರ ಮಾನ್ಯತೆ ಕೊಡಲೇಬೇಕೇ? ದತ್ತು? ಕೊನೆಗೆ, ಲಿಂಗಪರಿವರ್ತಿತರ ಮದುವೆ? ಪೀಠದ ತೀರ್ಪು ಎಣಿಸಲು ಇಂಥದ್ದೊಂದು ಹಾಳೆ ಬೇಕೇ ಬೇಕು. ಇಡೀ ಕೇಸಿಗೆ ಒಂದೇ ಸೋಲು ಅಥವಾ ಗೆಲುವು ಇರುವುದಿಲ್ಲ, ಪ್ರಶ್ನೆಗೊಂದು ಇರುತ್ತದೆ. ಎಣಿಸಬೇಕಾದ್ದೂ ತಲೆಗಳನ್ನು, ತೀರ್ಪುಗಳನ್ನಲ್ಲ. ಅವತ್ತು ತೀರ್ಪು ನಾಲ್ಕು, ತಲೆ ಐದು.

ಊರೆಲ್ಲ ಎಡವಿದ್ದು ಮೊದಲ ಓದಿನಲ್ಲೇ. ಸಲಿಂಗ ಪ್ರೇಮ ಬರೀ ಪಟ್ಟಣದ್ದೂ ಅಲ್ಲ, ಸಿರಿವಂತರದ್ದೂ ಅಲ್ಲ ಎಂದರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್. ಜೋಡಿಗಳ ಪೈಕಿ ಮದುವೆಯಾದವರಿಗಷ್ಟೇ ಮಗು ಕೊಡುವ ದತ್ತು ನಿಯಮ 5(3) ಸಂವಿಧಾನಕ್ಕೆ ವಿರುದ್ಧ ಎಂದರು. ಫೋನುಗಳು ಗುಂಯ್‌ಗುಟ್ಟತೊಡಗಿದವು.

"ಸಾರ್, ಗೆದ್ದಾಯ್ತಂತೆ!" ಬಾಗಿಲಲ್ಲಿ ಜೂನಿಯರ್.

"ತಡಿಯಪ್ಪಾ, ಇನ್ನೂ ನಾಲ್ಕು ಮನೆ ಖಾಲಿ ಇದೆ."

ಮುಖ್ಯ ನ್ಯಾಯಮೂರ್ತಿಯ ಮತವೂ ಒಂದೇ. ಸಂವಿಧಾನದ 145(5)ನೇ ವಿಧಿಯ ಪ್ರಕಾರ ಹೆಚ್ಚು ಜನ ಒಪ್ಪಿದ್ದೇ ತೀರ್ಪು. ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಭಿನ್ನಮತ. ಮೊದಲು ಓದಿದ್ದೇ ತೀರ್ಪೆಂದು ಟೀವಿಯವರು ತಿಳಿಯುವುದು ಹಳೇ ಚಾಳಿ.

ಜೋಡಿಬಾಳಿನ ಮಾನ್ಯತೆ, ದತ್ತು ಎರಡರಲ್ಲೂ ಕೌಲ್ ಅವರು ಚಂದ್ರಚೂಡ್ ಜೊತೆ ನಿಂತರು. ಎರಡು. ಭಟ್ ಅವರು ತಮ್ಮ ಮತ್ತು ಕೊಹ್ಲಿಯವರ ಪರವಾಗಿ ಬರೆದಿದ್ದರು: ಅಂಥ ಮಾನ್ಯತೆ ಕೊಡುವುದು ಕಾನೂನು ಮಾಡುವವರ ಕೆಲಸ, ಕೋರ್ಟು ಹೇರುವಂಥದ್ದಲ್ಲ. ಎರಡು–ಎರಡು. ಉಳಿದದ್ದು ಬಲತುದಿಯ ಒಂದು ಮನೆ. ಚಹಾ ಲೋಟದ ಮೇಲೆ ಕೆನೆ ಕಟ್ಟಿತ್ತು, ಯಾರೂ ಮುಟ್ಟಲಿಲ್ಲ. ನರಸಿಂಹ ಅವರು ಭಟ್ ಅವರನ್ನು ಒಪ್ಪಿದರು. ಜೋಡಿಬಾಳಿನ ಮಾನ್ಯತೆ, ದತ್ತು, ಎರಡೂ ಸಾಲಿನಲ್ಲಿ 3–2ರಿಂದ ಸೋಲು.

ಆದರೆ ಮೇಲಿನ ಎರಡು ಸಾಲು ನೋಡಿ: ಎರಡರಲ್ಲೂ 5–0. ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆಯನ್ನು ಹಿಗ್ಗಿಸಲಾಗದು ಎಂದು ಐವರೂ ಹೇಳಿದ್ದರು. 'ಮದುವೆ ಹಕ್ಕು ಒಂದೇ ಮತದಲ್ಲಿ ಕೈತಪ್ಪಿತು' ಎನ್ನುವವರು ಇವತ್ತಿಗೂ ಸಿಗುತ್ತಾರೆ. ಅವರು ಹಾಳೆಯ ನಡುವಿನ ಸಾಲುಗಳನ್ನಷ್ಟೇ ಓದಿದವರು. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಕೊನೆಯ ಸಾಲೂ 5–0, ಈ ಸಲ ಪರವಾಗಿ. ಗಂಡು-ಹೆಣ್ಣಿನ ಸಂಬಂಧದಲ್ಲಿರುವ ಲಿಂಗಪರಿವರ್ತಿತರು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು. ಟೀವಿಯಲ್ಲಿ ಇದಕ್ಕೆ ಹೆಚ್ಚು ಜಾಗ ಸಿಗಲಿಲ್ಲ, ಕಚೇರಿಗೆ ಬಂದವರು ಕೇಳಿದ ಮೊದಲ ಪ್ರಶ್ನೆ ಮಾತ್ರ ಇದರದ್ದೇ. ವಿಶೇಷ ವಿವಾಹ ಕಾಯ್ದೆಯಡಿ ಆದರೆ, ಇಬ್ಬರಲ್ಲಿ ಒಬ್ಬರಾದರೂ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು; ನೋಟಿಸು ಪ್ರಕಟವಾಗಿ ಮತ್ತೆ 30 ದಿನ ಕಾಯಬೇಕು; ಮೂವರು ಸಾಕ್ಷಿಗಳು ಬೇಕು. ತೊಡಕಾಗುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಹೊಸದು, ಅಂಕಪಟ್ಟಿಯಲ್ಲಿ ಹಳೆಯದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಮೊದಲು 2019ರ ಲಿಂಗಪರಿವರ್ತಿತರ ಹಕ್ಕುರಕ್ಷಣೆ ಕಾಯ್ದೆಯಡಿ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ, ಆಮೇಲೆ ಉಳಿದ ದಾಖಲೆಗಳ ತಿದ್ದುಪಡಿ, ಎಲ್ಲ ಮುಗಿದ ಮೇಲೆ ನೋಟಿಸು.