ಸಪ್ಪಳ ಯಾವಾಗ ಬರುತ್ತದೆ?

ಬಾಗಲಕೋಟೆಯ ನವನಗರದಲ್ಲಿ ವಾಷಿಂಗ್ ಮಷಿನ್ ರಿಪೇರಿ ನನ್ನ ಕೆಲಸ. ಹದಿನಾಲ್ಕು ವರ್ಷ ಆಯಿತು. ದಿನಾ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ಮಾತಿನಿಂದ ಶುರುವಾಗುತ್ತವೆ: "ಅಣ್ಣಾರ, ಮಷಿನ್ ಭಾಳ ಸಪ್ಪಳ ಮಾಡಾಕತ್ತೈತ್ರೀ." ಮೊದಲೆಲ್ಲ ನಾನು "ಎಂಥಾ ಸಪ್ಪಳ?" ಎಂದು ಕೇಳುತ್ತಿದ್ದೆ. ಈಗ "ಯಾವಾಗ ಬರ್ತೈತ್ರೀ?" ಎಂದು ಕೇಳುತ್ತೇನೆ. ಈ ಪ್ರಶ್ನೆಯನ್ನು ನಾನು ಕಲಿತದ್ದು ಒಬ್ಬ ಅಕ್ಕೋರ ಮನೆಯಲ್ಲಿ.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುತ್ತೇವೆ. ಅವರು ನಿವೃತ್ತರಾಗಿದ್ದರು. ಅವರದು ಫ್ರಂಟ್ ಲೋಡ್ ಮಷಿನ್, ಏಳು ವರ್ಷ ಹಳೆಯದು. ಬಟ್ಟೆ ಹಿಂಡುವ ಹೊತ್ತಿಗೆ ಅಡುಗೆ ಮನೆಯ ಪಾತ್ರೆಗಳೂ ಅಲುಗಾಡುವ ಹಾಗೆ ದಡದಡ ಎನ್ನುತ್ತಿತ್ತು. ಏಳು ವರ್ಷ ಬೋರಿನ ಸವಳು ನೀರು ಕುಡಿದ ಮಷಿನ್, ಸಪ್ಪಳ ಬರುವುದು ಸ್ಪಿನ್ನಿನಲ್ಲಿ. ಬಟ್ಟೆ ಹಾಕುವ ಡ್ರಮ್ಮು ಸಲೀಸಾಗಿ ತಿರುಗಲು ಹಿಂದೆ ಕೂರಿಸಿದ ಬೇರಿಂಗೇ ಹೋಗಿದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಕ್ಕೋರು ಹೇಳಿದರು: "ಬಚ್ಚಲದಾಗ ಇದ್ದಾಗ ಹಿಂಗ ಇರ್ಲಿಲ್ಲ ತಮ್ಮಾ. ಇಲ್ಲಿ ತಂದಿಟ್ಟ ಮ್ಯಾಲೆ ಶುರು ಆಗೇತಿ ನೋಡು."

ನಾನು ಹ್ಞೂಂ ಎಂದೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಫ್ರಂಟ್ ಲೋಡ್ ಬೇರಿಂಗ್ ಬದಲಿಸುವುದು ಸಣ್ಣ ಕೆಲಸ ಅಲ್ಲ. ಮೇಲಿನ ಹಲಗೆ, ಮುಂದಿನ ತಗಡು, ಬಾಗಿಲ ರಬ್ಬರ್, ಭಾರಕ್ಕೆ ಕೂರಿಸಿದ ಕಾಂಕ್ರೀಟ್ ತುಂಡು ಎಲ್ಲ ತೆಗೆಯಬೇಕು. ಆಮೇಲೆ ಡ್ರಮ್ಮಿನ ಸುತ್ತ ನೀರು ಹಿಡಿಯುವ ಟಬ್ಬನ್ನು ಹೊರಗೆಳೆದು ಎರಡು ಹೋಳು ಮಾಡಬೇಕು. ಎರಡು ಬೇರಿಂಗ್, ಅವಕ್ಕೆ ನೀರು ತಾಗದಂತೆ ತಡೆಯುವ ಒಂದು ಸೀಲ್ ಹೊಸದು ಹಾಕಿದೆ. ಮರುದಿನ ಮಧ್ಯಾಹ್ನ ಜೋಡಿಸಿ ಮುಗಿಸಿ, ಬಟ್ಟೆ ಹಾಕಿ ಸ್ಪಿನ್ ಕೊಟ್ಟೆ. ಅದೇ ದಡದಡ.

ಆಗ ಅವರ ಮಾತು ನೆನಪಾಯಿತು. ನೆಲಕ್ಕೆ ಕೂತು, ಮಷಿನ್ನಿನ ಒಂದೊಂದು ಕಾಲಿನ ಬಳಿಯೂ ಫರಸಿ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದೆ. ಮೂರು ಕಡೆ ಗಟ್ಟಿ ಸದ್ದು. ಹಿಂದಿನ ಬಲಗಾಲಿನ ಕೆಳಗೆ ಮಾತ್ರ ಟೊಳ್ಳು. ಆ ಕಲ್ಲಿನ ಕೆಳಗೆ ಮಣ್ಣು ಕುಸಿದಿತ್ತು. ಸ್ಪಿನ್ನಿನಲ್ಲಿ ಡ್ರಮ್ಮು ನಿಮಿಷಕ್ಕೆ ಸಾವಿರ ಸುತ್ತಿನ ಮೇಲೆ ತಿರುಗುತ್ತದೆ. ಆ ನಡುಕಕ್ಕೆ ಕಲ್ಲೇ ಹಲಗೆಯ ಹಾಗೆ ಎದ್ದು ಬಿದ್ದು ಮಾಡುತ್ತಿತ್ತು. ಮಷಿನ್ನನ್ನು ಒಂದೂವರೆ ಅಡಿ ಆಚೆ ಸರಿಸಿ, ಸ್ಪಿರಿಟ್ ಲೆವೆಲ್ ಇಟ್ಟು, ನಾಲ್ಕೂ ಕಾಲು ಹೊಂದಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಸಪ್ಪಳ ನಿಂತಿತು.

ಕೂಲಿ ತೆಗೆದುಕೊಳ್ಳಲಿಲ್ಲ. ಬೇರಿಂಗ್, ಸೀಲಿನ ದುಡ್ಡನ್ನೂ ನಾನೇ ಹಾಕಿಕೊಂಡೆ. ಅಕ್ಕೋರು ಬೈಯಲಿಲ್ಲ. "ನಾ ಹೇಳಿದ್ನಲ್ಲ ತಮ್ಮಾ" ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು. ಆ ರಾತ್ರಿ ಮನೆಯಲ್ಲಿ ಹಳೆಯ ಬೇರಿಂಗುಗಳನ್ನು ಚೀಲದಿಂದ ತೆಗೆದು ಬೆರಳಲ್ಲಿ ತಿರುಗಿಸಿ ನೋಡಿದೆ. ಒಳಗಿನ ಗ್ರೀಸು ಇನ್ನೂ ತಿಳಿಯಾಗಿತ್ತು. ತುಕ್ಕಿನ ಗುರುತೇ ಇರಲಿಲ್ಲ.

ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ನೆಲ ಬಡಿಯುತ್ತೇನೆ. ನಮ್ಮ ಊರಿಗೆ ಇದು ಬೇಕೇ ಬೇಕು. ಆಲಮಟ್ಟಿಯ ಹಿನ್ನೀರು ಹಳೇ ಊರಿನ ಓಣಿಗಳಿಗೆ ಬಂದಾಗ ಕಟ್ಟಿದ ಊರು ನವನಗರ. ಈ ಭಾಗದಲ್ಲಿ ಎರಿ ಮಣ್ಣು ಜಾಸ್ತಿ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಫರಸಿ ಒಂದೇ ಮಟ್ಟದಲ್ಲಿ ಉಳಿಯುತ್ತದೆ ಎಂದು ನಂಬುವ ಹಾಗಿಲ್ಲ. ದೀಪಾವಳಿಗೆ ಸುಮ್ಮನಿದ್ದ ಮಷಿನ್ ಏಪ್ರಿಲ್‌ನಲ್ಲಿ ಕುಣಿಯುವುದನ್ನು ನೋಡಿದ್ದೇನೆ.

ಇದನ್ನು ನೀವೇ ನೋಡಬಹುದು. ಮಷಿನ್ ನಿಲ್ಲಿಸಿ, ಮೇಲಿನ ಎರಡು ಎದುರುಬದುರು ಮೂಲೆಗಳ ಮೇಲೆ ಕೈ ಊರಿ ಒಂದಾದ ಮೇಲೊಂದು ಒತ್ತಿ. ಆಮೇಲೆ ಉಳಿದ ಎರಡು ಮೂಲೆ. ಸ್ವಲ್ಪ ವಾಲಿದರೂ ಒಂದು ಕಾಲು ಗಾಳಿಯಲ್ಲಿದೆ ಎಂದರ್ಥ. ಆ ಕಾಲನ್ನು ತಿರುಗಿಸಿ ನೆಲಕ್ಕೆ ಮುಟ್ಟಿಸಿ, ಅದರ ಮೇಲಿರುವ ಲಾಕ್ ನಟ್ಟನ್ನು ಬಿಗಿ ಮಾಡಿ. ನಟ್ಟು ಬಿಗಿ ಮಾಡದಿದ್ದರೆ ನಡುಕಕ್ಕೆ ಕಾಲು ಮತ್ತೆ ತಿರುಗಿ ಸಡಿಲಾಗುತ್ತದೆ. ಅಂಗಡಿಯಲ್ಲಿ ಸಿಗುವ ರಬ್ಬರ್ ಬುಡ ಹಾಕಿದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಮಟ್ಟ ತಪ್ಪಿದ್ದರೆ ರಬ್ಬರು ಅದನ್ನು ಸರಿ ಮಾಡುವುದಿಲ್ಲ. ಗಾಲಿ ಇರುವ ಸ್ಟ್ಯಾಂಡ್ ಅಂತೂ ನನಗೆ ಒಪ್ಪಿಗೆಯೇ ಇಲ್ಲ.

ಇನ್ನು ಆ "ಯಾವಾಗ" ಎಂಬ ಪ್ರಶ್ನೆಗೆ ಬರೋಣ. ಮಷಿನ್ ನೀರು ತುಂಬಿಕೊಳ್ಳುತ್ತದೆ, ತೊಳೆಯುತ್ತದೆ, ನೀರು ಹೊರಹಾಕುತ್ತದೆ, ಹಿಂಡುತ್ತದೆ. ಸಪ್ಪಳ ಈ ನಾಲ್ಕರಲ್ಲಿ ಯಾವುದರಲ್ಲಿ ಬರುತ್ತದೆ ಎಂದು ಗೊತ್ತಾದರೆ ಮುಕ್ಕಾಲು ಪತ್ತೆ ಮುಗಿಯಿತು. ಪ್ರತಿ ಹಂತದಲ್ಲಿ ದುಡಿಯುವ ಭಾಗ ಬೇರೆ.

ನೀರು ತುಂಬುವಾಗ ಗುಂಯ್ ಎಂದು ಗುನುಗಿದರೆ ನಲ್ಲಿಯ ಪೈಪು ಸೇರುವ ಜಾಗದ ಸಣ್ಣ ಜಾಲರಿ ನೋಡಿ. ಉಸುಕು, ಉಪ್ಪು ಕಟ್ಟಿರುತ್ತದೆ. ನಲ್ಲಿ ಬಂದ್ ಮಾಡಿ, ಪೈಪು ಬಿಚ್ಚಿ, ಜಾಲರಿ ತೊಳೆದು ಹಾಕಿದರೆ ಆಯಿತು.

ನೀರು ಹೋಗುವಾಗ ಮಾತ್ರ ಕಟಕಟ ಎಂದರೆ ಅದು ಪಂಪು. ಇದಕ್ಕೆ ನನ್ನನ್ನು ಕರೆಯುವುದೇ ಬೇಡ ಎಂದು ಎಲ್ಲರಿಗೂ ಹೇಳುತ್ತೇನೆ. ಫ್ರಂಟ್ ಲೋಡಿನಲ್ಲಿ ಸಾಮಾನ್ಯವಾಗಿ ಮುಂದೆ ಕೆಳಗೆ ಒಂದು ಸಣ್ಣ ಬಾಗಿಲು ಇರುತ್ತದೆ. ಪ್ಲಗ್ ಕಿತ್ತಿಡಿ. ಬಿಸಿ ನೀರಲ್ಲಿ ಒಗೆದಿದ್ದರೆ ಆರುವ ತನಕ ಕಾಯಿರಿ. ಕೆಳಗೆ ತಾಟು ಇಟ್ಟು, ಸಣ್ಣ ಪೈಪು ಇದ್ದರೆ ಅದರಿಂದ ನೀರು ಬಿಡಿ. ಆಮೇಲೆ ಫಿಲ್ಟರನ್ನು ನಿಧಾನ ತಿರುಗಿಸಿ ತೆಗೆಯಿರಿ. ಒಳಗೆ ಏನೇನು ಸಿಕ್ಕಿವೆ ಗೊತ್ತಾ? ಚಿಲ್ಲರೆ, ತಲೆಪಿನ್ನು, ಅಂಗಿಯ ಗುಂಡಿ, ಶೇಂಗಾ ಸಿಪ್ಪೆ. ಒಂದು ಮನೆಯಲ್ಲಿ ಕೂಸಿನ ಉಡುದಾರದ ಬೆಳ್ಳಿ ಗೆಜ್ಜೆ ಸಿಕ್ಕಿತು. ಅದನ್ನು ಆರು ತಿಂಗಳಿಂದ ಹುಡುಕುತ್ತಿದ್ದರಂತೆ. ಆ ತಾಯಿಯ ಮುಖ ಇನ್ನೂ ನೆನಪಿದೆ.

ಇಲ್ಲಿ ಒಂದು ವಿಷಯ. ಫಿಲ್ಟರ್ ತೆಗೆದ ಮೇಲೆ ಒಳಗಿನ ಸಣ್ಣ ರೆಕ್ಕೆಯನ್ನು ಬೆರಳಿಂದ ತಿರುಗಿಸಿ ನೋಡಿ. ಅದು ನುಣ್ಣಗೆ ತಿರುಗದೆ ತಡೆದು ತಡೆದು ಹೋಗುತ್ತದೆ. ಪಂಪು ಹಾಳಾಗಿದೆ ಎಂದು ಗಾಬರಿ ಬೇಡ. ಒಳಗೆ ಆಯಸ್ಕಾಂತ ಇರುವುದರಿಂದ ಅದು ಹಾಗೆಯೇ ತಿರುಗಬೇಕು. ಇದನ್ನು ತೋರಿಸಿ "ಪಂಪ್ ಜಾಮ್ ಆಗೇತಿ" ಎಂದು ಯಾರಾದರೂ ಹೊಸದು ಹಾಕಲು ಹೊರಟರೆ ಒಪ್ಪಬೇಡಿ. ರೆಕ್ಕೆಗೆ ದಾರ, ಕೂದಲು ಸುತ್ತಿದ್ದರೆ ಅದನ್ನು ಬಿಡಿಸಿದರೆ ಸಾಕು.

ತೊಳೆಯುವಾಗ, ಡ್ರಮ್ಮು ನಿಧಾನ ತಿರುಗುವಾಗ ಟಿಣ್ ಟಿಣ್ ಅಥವಾ ಕರ್ರ್ ಎಂದರೆ ಡ್ರಮ್ಮಿಗೂ ಹೊರಗಿನ ಟಬ್ಬಿಗೂ ನಡುವೆ ಏನೋ ಇಳಿದಿದೆ. ಬಾಗಿಲ ರಬ್ಬರಿನ ಸಂದಿಯಿಂದ ಜಾರುತ್ತದೆ. ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿದರೂ ಕೇಳುತ್ತದೆ. ಇದನ್ನು ಹಾಗೆಯೇ ಓಡಿಸಬೇಡಿ. ಒಳ ಉಡುಪಿನ ತಂತಿಯೊಂದು ಟಬ್ಬನ್ನೇ ತೂತು ಮಾಡಿದ್ದನ್ನು ನಾನು ನೋಡಿದ್ದೇನೆ. ಕೆಳಗಿನ ರಬ್ಬರ್ ಪೈಪು ಬಿಚ್ಚಿ, ಇಲ್ಲವೇ ಹೀಟರ್ ತೆಗೆದು, ಆ ಕಿಂಡಿಯಿಂದ ಹೊರಗೆ ತರಬೇಕು. ಇದು ಮೆಕ್ಯಾನಿಕ್‌ ಕೆಲಸ. ತಗಡಿನ ಅಂಚುಗಳು ಕೈ ಕೊಯ್ಯುತ್ತವೆ.

ಹಿಂಡುವಾಗ ಬರುವ ಸಪ್ಪಳವೇ ಕಷ್ಟದ್ದು, ಕಾರಣಗಳು ಹಲವು. ಮೊದಲು ಕೇಳುವುದು, "ಒಳಗ ಏನು ಹಾಕಿದ್ರಿ?" ಬನಶಂಕರಿ ಜಾತ್ರೆ ಮುಗಿದ ವಾರ ನನಗೆ ಬಿಡುವೇ ಇರುವುದಿಲ್ಲ. ಬಂದ ಬೀಗರೆಲ್ಲ ಹೊದ್ದ ಕೌದಿಗಳು ಮಷಿನ್ನಿಗೆ ಬೀಳುತ್ತವೆ. ಕೌದಿ ಎಂದರೆ ಹಳೇ ಸೀರೆ, ಧೋತರ ಪದರ ಪದರವಾಗಿ ಹೊಲಿದದ್ದು. ನೀರು ಕುಡಿದು ಕಲ್ಲಿನಷ್ಟು ಭಾರ ಆಗುತ್ತದೆ, ಉಂಡೆಯಾಗಿ ಡ್ರಮ್ಮಿನ ಒಂದು ಬದಿಗೆ ಕೂರುತ್ತದೆ. ಒಂದೇ ಕಡೆ ಭಾರ ಇಟ್ಟುಕೊಂಡು ಡ್ರಮ್ಮು ಜೋರಾಗಿ ತಿರುಗಿದರೆ ಬಡಿಯದೆ ಇನ್ನೇನು? ಇದರಲ್ಲಿ ಮಷಿನ್ ತಪ್ಪಿಲ್ಲ. ಕೌದಿಯನ್ನು ಕಲ್ಲಿನ ಮೇಲೆ ಒಗೆಯುವುದೇ ಒಳ್ಳೆಯದು. ಸಣ್ಣ ಕೌದಿಯಾದರೆ ಎರಡು ದಪ್ಪ ಟವೆಲ್ ಜೊತೆಗೆ ಹಾಕಿ, ಸ್ಪಿನ್ ಕಡಿಮೆ ಇಡಿ.

ಒಗೆಯುವ ಬಟ್ಟೆ ಸರಿಯಾಗಿದ್ದೂ, ಮಟ್ಟ ಸರಿಯಿದ್ದೂ ಬಡಿದರೆ ಟಬ್ಬಿನ ಓಲಾಟ ತಡೆಯುವ ಡ್ಯಾಂಪರ್ ನೋಡಬೇಕು. ಬಾಗಿಲು ತೆಗೆದು ಡ್ರಮ್ಮನ್ನು ಕೈಯಿಂದ ಕೆಳಗೆ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ. ತೊಟ್ಟಿಲಿನ ಹಾಗೆ ಓಲಾಡಿದರೆ ಡ್ಯಾಂಪರ್ ಸವೆದಿದೆ. ಹೊಸ ಮಷಿನ್ ಮೊದಲ ದಿನವೇ ನೆಲದ ಮೇಲೆ ನಡೆದಾಡಿದರೆ ಹಿಂಭಾಗ ನೋಡಿ. ಸಾಗಾಣಿಕೆಗೆ ಹಾಕಿದ ದೊಡ್ಡ ಬೋಲ್ಟುಗಳು ಹಾಗೆಯೇ ಇರಬಹುದು. ತೆಗೆದ ಮೇಲೆ ಎಸೆಯಬೇಡಿ, ಮನೆ ಬದಲಿಸುವಾಗ ಮತ್ತೆ ಬೇಕು.

ಸೆಮಿ ಆಟೊಮ್ಯಾಟಿಕ್ ಬಗ್ಗೆ ಎರಡೇ ಮಾತು. ಹಿಂಡುವ ಡಬ್ಬಿಯಲ್ಲಿ ಬಟ್ಟೆಯ ಮೇಲೆ ಇಡುವ ಪ್ಲಾಸ್ಟಿಕ್ ಬಿಲ್ಲೆ ಬಹಳ ಮನೆಗಳಲ್ಲಿ ಕಳೆದುಹೋಗಿರುತ್ತದೆ. ಅದಿಲ್ಲದಿದ್ದರೆ ಬಟ್ಟೆ ಮೇಲೆದ್ದು ಬಡಿಯುತ್ತದೆ. ಇನ್ನೊಂದು, ಮುಚ್ಚಳ ಎತ್ತಿದ ಕೂಡಲೇ ಬ್ರೇಕ್ ಹಿಡಿದು ಡಬ್ಬಿ ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಅವತ್ತೇ ಬಳಸುವುದು ಬಿಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ದಯವಿಟ್ಟು ಒಂದು ದಿನವೂ ಮುಂದೆ ಹಾಕಬೇಡಿ. ಆ ತಿರುಗುವ ಬಟ್ಟೆಗೆ ಕೈ ಸಿಕ್ಕರೆ ಮುರಿಯುತ್ತದೆ.

ಈಗ ನಿಜವಾದ ಬೇರಿಂಗ್ ಸಪ್ಪಳ. ಅದು ದಡದಡ ಅಲ್ಲ. ಬೀಸುವ ಕಲ್ಲಿನ ಸದ್ದು ಕೇಳಿದವರಿಗೆ ಬೇಗ ಗೊತ್ತಾಗುತ್ತದೆ. ಗರ್ರ್ ಎಂದು ಶುರುವಾಗಿ, ವೇಗ ಏರಿದ ಹಾಗೆ ಜೋರಾಗಿ, ಕೊನೆಗೆ ವಿಮಾನ ಏಳುವ ಹಾಗೆ ಕೇಳುತ್ತದೆ. ಒಂದೇ ದಿನ ಬರುವುದಿಲ್ಲ, ತಿಂಗಳುಗಟ್ಟಲೆ ಬೆಳೆಯುತ್ತದೆ. ಅದಕ್ಕೇ ನಾನು "ಯಾವತ್ತಿಂದ?" ಎಂದೂ ಕೇಳುತ್ತೇನೆ. ಒಂದೇ ದಿನದಲ್ಲಿ ಶುರುವಾಗಿದ್ದರೆ ಬೇರಿಂಗ್ ಮೇಲೆ ನನ್ನ ಅನುಮಾನ ಕಡಿಮೆ. ಆಮೇಲೆ ಖಾಲಿ ಡ್ರಮ್ಮಿನ ಅಂಚು ಹಿಡಿದು ಮೇಲೆ ಕೆಳಗೆ ಎತ್ತಿ ನೋಡುತ್ತೇನೆ. ಡ್ರಮ್ಮೂ ಟಬ್ಬೂ ಕೂಡಿಯೇ ಮೇಲೇಳಬೇಕು. ಡ್ರಮ್ಮು ಬೇರೆಯಾಗಿ ಕಟ್ ಎಂದು ಅಲುಗಿದರೆ ಬೇರಿಂಗ್ ಸಡಿಲವಾಗಿದೆ. ಬೆಲ್ಟ್ ಇರುವ ಮಷಿನ್ ಆದರೆ ಹಿಂದೆ ಬೆಲ್ಟ್ ಬಿಚ್ಚಿ ಡ್ರಮ್ಮು ತಿರುಗಿಸುತ್ತೇನೆ. ಆಗಲೂ ಗರಗರ ಎಂದರೆ ಮೋಟರ್ ಅಲ್ಲ, ಬೇರಿಂಗೇ. ಟಬ್ಬಿನ ಹಿಂದೆ ನಡುವಿನಿಂದ ಕಂದು ಬಣ್ಣದ ನೀರು ಇಳಿದ ಗೆರೆ ಇದ್ದರೆ ಸೀಲ್ ಹೋಗಿ ನೀರು ಒಳಗೆ ನುಗ್ಗಿದೆ. ಇಷ್ಟೂ ನೋಡುವ ತನಕ ಮೇಲಿನ ಹಲಗೆಯ ಸ್ಕ್ರೂಗಳನ್ನೂ ಮುಟ್ಟುವುದಿಲ್ಲ.

ಬೇರಿಂಗ್ ಬದಲಿಸಿದ ದಿನ ಇನ್ನೊಂದು ಕೆಲಸ ಮಾಡುತ್ತೇನೆ. ದುಡ್ಡು ಕೇಳುವ ಮೊದಲು, ತೆಗೆದ ಬೇರಿಂಗನ್ನು ಅರಿವೆಯಲ್ಲಿ ಒರೆಸಿ ಮನೆಯವರ ಕೈಗೆ ಕೊಟ್ಟು, "ತಿರುಗಿಸಿ ನೋಡ್ರೀ" ಎನ್ನುತ್ತೇನೆ. ಸುತ್ತಿಗೆಯಿಂದ ಬಡಿದು ತೆಗೆಯುವಾಗ ಒಳ್ಳೆಯ ಬೇರಿಂಗೂ ಸ್ವಲ್ಪ ಒರಟಾಗಬಹುದು, ಅದನ್ನೂ ಹೇಳುತ್ತೇನೆ. ಆದರೆ ಹೋದ ಬೇರಿಂಗಿನಿಂದ ಬೆರಳಿಗೆ ತುಕ್ಕಿನ ಕೆಂಪು ಗ್ರೀಸು ಹತ್ತುತ್ತದೆ, ಒಳಗೆ ಉಸುಕು ತುಂಬಿದ ಹಾಗೆ ಕರಕರ ಎನ್ನುತ್ತದೆ. ಅವರು ತಿರುಗಿಸಿ, ಕಿವಿಯ ಹತ್ತಿರ ಹಿಡಿದು, "ಹೌದಲ್ರೀ" ಎಂದ ಮೇಲೆಯೇ ನಾನು ಬಿಲ್ ಬರೆಯುತ್ತೇನೆ.