ಹುಡುಗ ಏನೆಂದ?

ಈ ವಾರ ಚಿಕ್ಕಮ್ಮನಿಗೆ ಒಂದು ಬಟ್ಟೆ ತುಂಡಿನ ಚಿತ್ರ ತೋರಿಸಿದೆ. ಅಂದಿನಿಂದ ಅವರು ಕೇಳಿದ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ತುಂಡು ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ ಕಡತದ್ದು. ಹೆಸರಿಗಷ್ಟೇ ಆಸ್ಪತ್ರೆ, ಸಾಕಲಾಗದ ತಾಯಂದಿರ ಕೂಸುಗಳನ್ನು ತೆಗೆದುಕೊಳ್ಳುತ್ತಿದ್ದ ಮನೆ ಅದು. ಥಾಮಸ್ ಕೋರಂ ಎಂಬ ಹಡಗಿನ ಕಪ್ತಾನ ವರ್ಷಗಟ್ಟಲೆ ಸಿರಿವಂತರ ಬಾಗಿಲು ತಟ್ಟಿ 1739ರಲ್ಲಿ ಅರಸನ ಸನ್ನದು ಪಡೆದ. 1741ರಲ್ಲಿ ಮೊದಲ ಕೂಸುಗಳು ಬಂದವು.

ಚೂರುಬಟ್ಟೆಗಳನ್ನು ನಮ್ಮ ಕೌದಿಯಂತೆ ಜೋಡಿಸಿ, ಕೆಂಪು ದಾರದಲ್ಲಿ ಹೃದಯ ಕಸೂತಿ ಹಾಕಿ, ನಟ್ಟನಡುವೆ ಕತ್ತರಿಸಿದ ತುಂಡು. 1767ರ ಫೆಬ್ರವರಿ 11ರಂದು ಸಾರಾ ಬೆಂಡರ್ ಎಂಬಾಕೆ ಮಗ ಚಾರ್ಲ್ಸ್‌ನೊಂದಿಗೆ ಬಿಟ್ಟು ಹೋದದ್ದು. ಊರಿನವರ ರವಿಕೆ ಹೊಲಿದೇ ಮಕ್ಕಳನ್ನು ಓದಿಸಿದ ಚಿಕ್ಕಮ್ಮ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದರು.

"ಇನ್ನರ್ಧ ಯಾರ ಬಳಿ ಉಳಿಯಿತು?"

"ತಾಯಿಯ ಬಳಿ."

"ಹಾಗಾದರೆ ಬಂದಿರುತ್ತಾಳೆ."

ಬಂದಳು, 1775ರ ಜೂನ್ 10ರಂದು. ಮಗನನ್ನು ಕರೆದುಕೊಂಡೂ ಹೋದಳು. ಚಿಕ್ಕಮ್ಮನ ಮುಖ ಅರಳಿತು. ಮರುಕ್ಷಣವೇ, "ಹುಡುಗ ಏನೆಂದ?"

ಹುಡುಗ ಅಷ್ಟರಲ್ಲಿ ಚಾರ್ಲ್ಸ್ ಆಗಿರಲಿಲ್ಲ. ಒಳಗೆ ಬಂದ ಪ್ರತಿ ಮಗುವಿಗೂ ಹೊಸ ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಇವನು ಬೆಂಜಮಿನ್ ಟ್ವರ್ಲ್, ಸಂಖ್ಯೆ 16516. ತಾಯಿಯ ಮಾನ ಕಾಯಲು ಈ ಗುಟ್ಟು ಎಂಬುದು ಆಡಳಿತದವರ ಸಮಜಾಯಿಷಿ. ನನಗೇನೋ ಆ ದೊಡ್ಡಮನುಷ್ಯರಿಗೆ ತಾಯಂದಿರು ಬಂದು ಹೋಗುವುದೇ ಕಿರಿಕಿರಿಯಾಗಿತ್ತು ಎನಿಸುತ್ತದೆ. ಮಗುವಿಗೊಂದರಂತೆ ತುಂಬುತ್ತಿದ್ದ ಅಚ್ಚಿನ ಚೀಟಿಯನ್ನೇ ನೋಡಿ: ಟೋಪಿ, ಅಂಗಿ, ಕಾಲುಚೀಲ, ಬೂಟು, ಮೈಮೇಲಿನ ಗುರುತು, ಎಲ್ಲಕ್ಕೂ ಒಂದೊಂದು ಸಾಲು. ಮಗು ಕೊಟ್ಟವಳು ಏನು ಹೇಳಿದಳು ಎಂಬುದಕ್ಕೆ ಸಾಲಿಲ್ಲ. ಮುಂದೆ ಆ ಮಗು ಬಾಯಿಬಿಟ್ಟು ಏನೆಂದಿತು ಎಂದು ಯಾರು ಬರೆದುಕೊಳ್ಳುತ್ತಾರೆ?

ಆ ಚೀಟಿಗಳಿಗೆ ಚುಚ್ಚಿದ ಬಟ್ಟೆಚೂರುಗಳನ್ನೆಲ್ಲ ತಾಯಿಯ ಪ್ರೀತಿಯ ಕುರುಹು ಎಂದು ಕೊಂಡಾಡುವವರಿದ್ದಾರೆ. ಅವುಗಳಲ್ಲಿ ಬಹುಪಾಲು ಗುಮಾಸ್ತರು ಕೂಸಿನ ಉಡುಪಿನಿಂದಲೇ ಕತ್ತರಿಸಿಕೊಂಡವು. ಮುಂದೆ ಯಾರಾದರೂ ಕೇಳಿಕೊಂಡು ಬಂದರೆ ಗುರುತು ಹಿಡಿಯಲು. ಹಾಗಿದ್ದರೂ ಬಡ ಹೆಂಗಸರು ಉಟ್ಟ ಹತ್ತಿ, ಉಣ್ಣೆ, ರಿಬ್ಬನ್ನುಗಳು ಬಣ್ಣ ಮಾಸದೆ ಉಳಿದಿರುವುದು ಇದೇ ಕಡತಗಳಲ್ಲಿ. ರಾಣಿಯರ ರೇಷ್ಮೆಯನ್ನು ಜೋಪಾನ ಮಾಡಲು ಜನರಿದ್ದರು. ಹಾಲು ಮಾರುವವಳ ಸೆರಗು ಉಳಿಯಬೇಕಾದರೆ ಅವಳ ಕೂಸು ಕಚೇರಿಯ ಕೈಸೇರಬೇಕಾಯಿತು.

"ಮಿಕ್ಕ ತಾಯಂದಿರು?" ಎಂದರು ಚಿಕ್ಕಮ್ಮ.

1741ರಿಂದ 1760ರವರೆಗೆ ಸೇರಿದ 16,282 ಮಕ್ಕಳಲ್ಲಿ ಹೆತ್ತವರು ಮರಳಿ ಪಡೆದದ್ದು 152. ಅದರಲ್ಲೂ 1756ರಿಂದ ನಾಲ್ಕು ವರ್ಷ ಸಂಸತ್ತು ಹಣ ಕೊಟ್ಟು, ಬಂದ ಕೂಸನ್ನೆಲ್ಲ ಸೇರಿಸಿಕೊಳ್ಳಿ ಎಂದಿತ್ತು. ಸುಮಾರು ಹದಿನೈದು ಸಾವಿರ ಮಕ್ಕಳು ಬಂದು, ಮೂರರಲ್ಲಿ ಎರಡು ಪಾಲು ತೀರಿಕೊಂಡವು. ಹುಡುಕಿಕೊಂಡು ಹೋದ ಕೆಲವರಿಗೆ ಕಚೇರಿಯಲ್ಲಿ ಸಿಕ್ಕಿದ್ದು ಸಾವಿನ ಸುದ್ದಿಯೇ. ಚಿಕ್ಕಮ್ಮ ಮೊಬೈಲನ್ನು ನನ್ನ ಕೈಗಿಟ್ಟು, "ಬಂದವಳ ತುಂಡನ್ನೇ ಹುಡುಕಿ ತಂದೆಯಲ್ಲ, ಬಾರದವಳದ್ದೂ ಒಂದು ತೋರಿಸು" ಎಂದರು.